ಮತಿಯಾಸ್ ಝ್ಡಾರ್ಸ್ಕಿ

ಮತಿಯಾಸ್ ಝ್ಡಾರ್ಸ್ಕಿ (೨೫ ಫೆಬ್ರವರಿ ೧೮೫೬ – ೨೦ ಜೂನ್ ೧೯೪೦) ಆಸ್ಟ್ರಿಯಾದ ಸ್ಕೀ ಕ್ರೀಡೆಯ ಪ್ರವರ್ತಕರು, ಶಿಕ್ಷಕರು, ಚಿತ್ರಕಾರರು ಹಾಗೂ ಶಿಲ್ಪಿ. ಉತ್ತರ ಯುರೋಪಿನ ಹಿಮಬಯಲುಗಳಲ್ಲಿ ಬೆಳೆದು ಬಂದಿದ್ದ ಸ್ಕೀ ವಿದ್ಯೆಯನ್ನು ಆಲ್ಪ್ಸ್ ಪರ್ವತಗಳ ಕಡಿದಾದ ಇಳಿಜಾರುಗಳಿಗೆ ಒಗ್ಗಿಸಿದವರಲ್ಲಿ ಅವರು ಮೊದಲಿಗರು. ಸ್ಕೀ ಹಲಗೆಯ ಉದ್ದ, ಪಾದವನ್ನು ಹಲಗೆಗೆ ಬಿಗಿಯುವ ಬಂಧಕ ಮತ್ತು ಕೈಯಲ್ಲಿ ಹಿಡಿಯುವ ಕೋಲು ಈ ಮೂರನ್ನೂ ಒಂದೇ ವ್ಯವಸ್ಥೆಯ ಅಂಗಗಳೆಂದು ಪರಿಗಣಿಸಿ ಅವರು ರೂಪಿಸಿದ ಪದ್ಧತಿಯು ಲಿಲಿಯನ್‌ಫೆಲ್ಡ್ ಪದ್ಧತಿ ಎಂದು ಹೆಸರಾಯಿತು. ಸ್ಕೀಗಾರನಿಗೆ ಒಂದು ಕೋಲು ಸಾಕೇ ಅಥವಾ ಎರಡು ಬೇಕೇ ಎಂಬ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಆಲ್ಪ್ಸ್ ಪ್ರದೇಶವನ್ನು ಎರಡು ಪಂಗಡಗಳಾಗಿ ಒಡೆದ ವಿವಾದದಲ್ಲಿ ಒಂಟಿ ಕೋಲಿನ ಪಕ್ಷದ ನಾಯಕರೂ ಅವರೇ ಆಗಿದ್ದರು.

ಜನನ ಮತ್ತು ಶಿಕ್ಷಣ

ಝ್ಡಾರ್ಸ್ಕಿ ಅವರು ಅಂದಿನ ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿದ್ದ ಮೊರಾವಿಯಾ ಪ್ರಾಂತದ ತ್ರೆಬಿಚ್ ಪಟ್ಟಣದ ಸಮೀಪದ ಕೊಜಿಖೊವಿತ್ಸೆ ಎಂಬ ಹಳ್ಳಿಯಲ್ಲಿ ಜನಿಸಿದರು. ಈ ಪ್ರದೇಶವು ಇಂದು ಚೆಕ್ ಗಣರಾಜ್ಯದಲ್ಲಿದೆ. ಶಿಕ್ಷಕ ತರಬೇತಿ ಪಡೆದು ಕೆಲವು ಕಾಲ ಅಧ್ಯಾಪನ ನಡೆಸಿದ ಅವರು ಅನಂತರ ಮ್ಯೂನಿಕ್ ನಗರದಲ್ಲಿ ಚಿತ್ರಕಲೆ ಮತ್ತು ಶಿಲ್ಪಕಲೆಗಳನ್ನೂ, ಜ್ಯೂರಿಕ್ ನಗರದಲ್ಲಿ ತಾಂತ್ರಿಕ ವಿಷಯಗಳನ್ನೂ ಅಭ್ಯಾಸ ಮಾಡಿದರು. ಶಿಕ್ಷಕನ ಸಹನೆ, ಶಿಲ್ಪಿಯ ಕೈಚಳಕ ಮತ್ತು ಯಂತ್ರಜ್ಞನ ಲೆಕ್ಕಾಚಾರ ಮೂರೂ ಮುಂದೆ ಅವರ ಸ್ಕೀ ಪ್ರಯೋಗಗಳಲ್ಲಿ ಒಟ್ಟಿಗೆ ಕೆಲಸ ಮಾಡಿದವು.

೧೮೮೯ರಲ್ಲಿ ಅವರು ವಿಯೆನ್ನಾದ ನೈಋತ್ಯಕ್ಕಿರುವ ಲಿಲಿಯನ್‌ಫೆಲ್ಡ್ ಪಟ್ಟಣದ ಬಳಿಯ ಹಾಬರ್ನ್‌ರೈತ್ ಎಂಬ ಬೆಟ್ಟದ ಜಮೀನಿನಲ್ಲಿ ನೆಲೆಸಿದರು. ಏಕಾಂತವಾಗಿ ಓದುತ್ತ, ಕೆತ್ತುತ್ತ, ಕೃಷಿ ಮಾಡುತ್ತ ಇರುವುದು ಅವರ ಉದ್ದೇಶವಾಗಿತ್ತು. ಚಳಿಗಾಲದಲ್ಲಿ ಆಳವಾದ ಹಿಮ ಬಿದ್ದಾಗ ಆ ಜಮೀನಿನಿಂದ ಕೆಳಗಿನ ಊರಿಗೆ ಇಳಿದು ಮತ್ತೆ ಹತ್ತುವುದೇ ದೊಡ್ಡ ಶ್ರಮವಾಗುತ್ತಿತ್ತು. ಸ್ಕೀಯತ್ತ ಅವರ ಗಮನ ಹರಿಯಲು ಈ ಅಗತ್ಯವೂ ಕಾರಣವಾಯಿತು.

ಸ್ಕೀ ಪ್ರಯೋಗಗಳು

ನಾರ್ವೆಯ ಅನ್ವೇಷಕ ಫ್ರಿತ್ಯೋಫ್ ನಾನ್ಸೆನ್ ೧೮೮೮ರಲ್ಲಿ ಸ್ಕೀಗಳ ಸಹಾಯದಿಂದ ಗ್ರೀನ್‌ಲ್ಯಾಂಡಿನ ಹಿಮಸ್ತರವನ್ನು ದಾಟಿದರು. ಆ ಪ್ರಯಾಣದ ಕಥನವು ೧೮೯೦ರಲ್ಲಿ ಪ್ರಕಟವಾಗಿ, ಬೇಗನೆ ಜರ್ಮನ್ ಭಾಷೆಗೂ ಬಂದು, ಮಧ್ಯ ಯುರೋಪಿನಾದ್ಯಂತ ಸ್ಕೀಯ ಬಗ್ಗೆ ಕುತೂಹಲ ಮೂಡಿಸಿತು. ಅದನ್ನು ಓದಿ ಪ್ರೇರಿತರಾದವರಲ್ಲಿ ಝ್ಡಾರ್ಸ್ಕಿ ಒಬ್ಬರು. ಅವರು ನಾರ್ವೆಯಿಂದ ಒಂದು ಜೊತೆ ಸ್ಕೀಗಳನ್ನು ತರಿಸಿಕೊಂಡರು. ಅವುಗಳ ಉದ್ದ ಸುಮಾರು ಮೂರು ಮೀಟರ್.

ಕಲಿಸುವ ಗುರುವಾಗಲಿ ನೋಡಿ ಕಲಿಯಲು ಇನ್ನೊಬ್ಬ ಸ್ಕೀಗಾರನಾಗಲಿ ಅವರಿಗೆ ಇರಲಿಲ್ಲ. ಹಲವು ಚಳಿಗಾಲಗಳನ್ನು ಅವರು ತಮ್ಮ ಜಮೀನಿನ ಸುತ್ತಲಿನ ಇಳಿಜಾರುಗಳಲ್ಲಿ ಒಬ್ಬರೇ ಅಭ್ಯಾಸ ಮಾಡುತ್ತ ಕಳೆದರು. ಉದ್ದನೆಯ ಹಲಗೆಗಳು ನೇರವಾಗಿ ಸಾಗಲು ಅನುಕೂಲವಾಗಿದ್ದರೂ ಮರಗಳ ನಡುವಿನ ಕಡಿದಾದ ಜಾಗದಲ್ಲಿ ತಿರುಗಿಸಲು ಆಗುತ್ತಿರಲಿಲ್ಲ. ಆದುದರಿಂದ ಅವರು ಹಲಗೆಯ ಉದ್ದವನ್ನು ಸುಮಾರು ೧.೮ ಮೀಟರಿಗೆ ಇಳಿಸಿದರು. ನೇರ ಚಲನೆಗೆಂದು ಹಲಗೆಯ ಅಡಿಯಲ್ಲಿ ಕೊರೆಯುತ್ತಿದ್ದ ಗಾಡಿಯನ್ನು ತೆಗೆದುಹಾಕಿದರು.

ಎರಡನೆಯ ಸಮಸ್ಯೆ ಬಂಧಕದ್ದು. ಬೆತ್ತ ಮತ್ತು ಚರ್ಮದ ಪಟ್ಟಿಗಳಿಂದ ಮಾಡಿದ ನಾರ್ವೆಯ ಬಂಧಕಗಳಲ್ಲಿ ಹಿಮ್ಮಡಿ ಅಕ್ಕಪಕ್ಕಕ್ಕೆ ಜಾರುತ್ತಿತ್ತು. ಸಮತಟ್ಟಾದ ನೆಲದಲ್ಲಿ ಇದು ತೊಂದರೆಯಲ್ಲ. ಆದರೆ ಇಳಿಜಾರಿನಲ್ಲಿ ಪಾದದ ತಿರುವು ಹಲಗೆಗೆ ತಲುಪದಿದ್ದರೆ ಸ್ಕೀಗಾರನು ಹಿಡಿತ ಕಳೆದುಕೊಳ್ಳುತ್ತಾನೆ. ಸುಮಾರು ಇನ್ನೂರು ಮಾದರಿಗಳನ್ನು ಪರೀಕ್ಷಿಸಿದ ಮೇಲೆ ಝ್ಡಾರ್ಸ್ಕಿ ಉಕ್ಕಿನ ಅಟ್ಟೆಯುಳ್ಳ ಬಂಧಕವೊಂದನ್ನು ಸಿದ್ಧಪಡಿಸಿ ೧೮೯೬ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದರು. ಹಿಮ್ಮಡಿಯನ್ನು ಮೇಲೆತ್ತಲು ಅವಕಾಶವಿದ್ದರೂ ಪಕ್ಕಕ್ಕೆ ಸರಿಯಲು ಬಿಡದಿರುವುದು ಇದರ ಮುಖ್ಯ ಗುಣ.

ಒಂಟಿ ಕೋಲಿನ ಪದ್ಧತಿ

ಕೋಲಿನ ವಿಷಯದಲ್ಲಿ ಝ್ಡಾರ್ಸ್ಕಿ ಹಳೆಯ ರೂಢಿಯಂತೆ ಒಂದೇ ಕೋಲನ್ನು ಉಳಿಸಿಕೊಂಡರು. ಸ್ಕೀಯ ಇತಿಹಾಸದಲ್ಲಿ ಒಂಟಿ ಕೋಲು ಬಹಳ ಪ್ರಾಚೀನವಾದುದು. ಬೇಟೆಗಾರರಿಗೆ ಒಂದು ಕೈ ಬಿಡುವಾಗಿರಬೇಕಿತ್ತು. ಆ ಕೋಲೇ ಅನೇಕ ವೇಳೆ ಈಟಿಯೂ ಆಗಿರುತ್ತಿತ್ತು. ಜೋಡಿ ಕೋಲುಗಳ ಬಳಕೆ ಉತ್ತರ ಯುರೋಪಿನ ಓಟದ ಸ್ಪರ್ಧೆಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಹೆಚ್ಚಿತು. ಸಮತಟ್ಟಾದ ಹಿಮದ ಮೇಲೆ ಎರಡೂ ಕೈಗಳಿಂದ ನೆಲವನ್ನು ಹಿಂದಕ್ಕೆ ತಳ್ಳಿದರೆ ವೇಗ ಹೆಚ್ಚುತ್ತದೆ ಎಂಬುದೇ ಅದಕ್ಕೆ ಕಾರಣ.

ಝ್ಡಾರ್ಸ್ಕಿ ಅವರ ಗುರಿ ವೇಗವಲ್ಲ, ಬೀಳದೆ ಇಳಿಯುವುದು. ಅವರ ಕೋಲು ಉದ್ದವಾದ, ಗಟ್ಟಿಮುಟ್ಟಾದ, ಲೋಹದ ಮೊನೆಯುಳ್ಳ ಮರದ ದಂಡ. ಇಂದಿನ ಕೋಲುಗಳ ತುದಿಯ ಬಳಿ ಕಾಣುವ ಬಿಲ್ಲೆ ಅದಕ್ಕೆ ಇರಲಿಲ್ಲ. ಅಂಬಿಗನು ದೋಣಿಗೆ ಗಳ ಹಾಕುವಾಗ ಹಿಡಿಯುವಂತೆ ಅದನ್ನು ಎರಡೂ ಕೈಗಳಿಂದ ಹಿಡಿದು ದೇಹದ ಒಂದು ಪಕ್ಕಕ್ಕೆ ಇರಿಸಿಕೊಳ್ಳಬೇಕು. ಇಳಿಜಾರನ್ನು ಅಡ್ಡಲಾಗಿ ದಾಟುವಾಗ ಕೋಲಿನ ಮೊನೆ ಬೆಟ್ಟದ ಕಡೆ ಇರುತ್ತದೆ. ತಿರುಗುವ ಹೊತ್ತಿಗೆ ಅದನ್ನು ಇನ್ನೊಂದು ಪಕ್ಕಕ್ಕೆ ದಾಟಿಸಬೇಕು. ಅದೇ ವೇಳೆಗೆ ಒಂದು ಸ್ಕೀಯ ಹಿಂಭಾಗವನ್ನು ಹೊರಕ್ಕೆ ತಳ್ಳಿ, ಅದರ ಒಳ ಅಂಚಿನ ಮೇಲೆ ಭಾರ ಹಾಕಿದರೆ ವೇಗ ತಗ್ಗಿ ತಿರುವು ಪೂರ್ಣಗೊಳ್ಳುತ್ತದೆ. ಇಂತಹ ತಿರುವುಗಳನ್ನು ಒಂದರ ಹಿಂದೊಂದು ಹಾವಿನ ನಡೆಯಂತೆ ಜೋಡಿಸಿದರೆ ಎಷ್ಟೇ ಕಡಿದಾದ ಜಾಗದಿಂದಲೂ ಹತೋಟಿಯಲ್ಲಿ ಇಳಿಯಬಹುದೆಂಬುದು ಅವರ ಬೋಧನೆಯ ಸಾರ.

ಕೋಲಿನ ಮೇಲೆ ಭಾರ ಬಿಟ್ಟು ಸವಾರಿ ಮಾಡುವುದನ್ನು ಝ್ಡಾರ್ಸ್ಕಿ ಒಪ್ಪುತ್ತಿರಲಿಲ್ಲ. ಕೋಲು ಸಮತೋಲನಕ್ಕೆ ಮಾತ್ರ, ಹಿಮವನ್ನು ಹಗುರವಾಗಿ ಮುಟ್ಟಬೇಕು ಎಂಬುದು ಅವರ ನಿಯಮ. ಆದರೆ ಕಲಿಯುವವರಲ್ಲಿ ಹಲವರು ಭಯದಿಂದ ಕೋಲನ್ನು ಕಾಲುಗಳ ನಡುವೆ ಅಥವಾ ಪಕ್ಕದಲ್ಲಿ ಊರಿ ಅದರ ಮೇಲೆ ಕುಳಿತಂತೆ ಇಳಿಯುತ್ತಿದ್ದರು. ಈ ದೃಶ್ಯವೇ ಮುಂದೆ ವಿರೋಧಿಗಳ ಟೀಕೆಗೆ ಆಧಾರವಾಯಿತು.

ಗ್ರಂಥರಚನೆ ಮತ್ತು ಬೋಧನೆ

ತಮ್ಮ ಅನುಭವಗಳನ್ನು ಝ್ಡಾರ್ಸ್ಕಿ ೧೮೯೬ರ ಕೊನೆಯಲ್ಲಿ ಹ್ಯಾಂಬರ್ಗ್‌ನಿಂದ ಪ್ರಕಟವಾದ ಪುಸ್ತಕವೊಂದರಲ್ಲಿ ವಿವರಿಸಿದರು. ಲಿಲಿಯನ್‌ಫೆಲ್ಡ್ ಸ್ಕೀ ತಂತ್ರವನ್ನು ಕುರಿತ ಈ ಕೃತಿಯನ್ನು ಆಲ್ಪ್ಸ್ ಸ್ಕೀಯಿಂಗಿನ ಮೊದಲ ಕ್ರಮಬದ್ಧ ಪಠ್ಯಪುಸ್ತಕವೆಂದು ಪರಿಗಣಿಸಲಾಗುತ್ತದೆ. ನಿಲ್ಲುವ ಭಂಗಿಯಿಂದ ಹಿಡಿದು ತಿರುವುಗಳವರೆಗೆ ಪ್ರತಿಯೊಂದು ಚಲನೆಯನ್ನೂ ಬಿಡಿಸಿ ಹೇಳುವ ಈ ಪುಸ್ತಕವು ತಿದ್ದುಪಡಿಗಳೊಂದಿಗೆ ಹಲವು ಮುದ್ರಣಗಳನ್ನು ಕಂಡಿತು.

೧೯೦೦ರಲ್ಲಿ ಅವರ ಅನುಯಾಯಿಗಳು ಸೇರಿ ಅಂತರರಾಷ್ಟ್ರೀಯ ಆಲ್ಪೈನ್ ಸ್ಕೀ ಸಂಘವನ್ನು ಸ್ಥಾಪಿಸಿದರು. ಚಳಿಗಾಲದ ರಜಾದಿನಗಳಲ್ಲಿ ವಿಯೆನ್ನಾದಿಂದ ರೈಲಿನಲ್ಲಿ ಬರುತ್ತಿದ್ದ ನೂರಾರು ಮಂದಿಗೆ ಝ್ಡಾರ್ಸ್ಕಿ ಸಾಲಾಗಿ ನಿಲ್ಲಿಸಿ ಪಾಠ ಹೇಳುತ್ತಿದ್ದರು. ಇದಕ್ಕಾಗಿ ಅವರು ಶುಲ್ಕ ಪಡೆಯುತ್ತಿರಲಿಲ್ಲ. ಕಲಿಯುವವರಲ್ಲಿ ಹೆಂಗಸರು, ಮಧ್ಯವಯಸ್ಕರು ಮತ್ತು ಸೈನಿಕರೂ ಇದ್ದರು. ಶಿಸ್ತಿನ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು. ಬೀಳುವುದನ್ನು ಸಹಜವೆಂದು ಒಪ್ಪದೆ, ಪ್ರತಿ ಬೀಳುವಿಕೆಗೂ ಒಂದು ಕಾರಣವಿದೆ, ಅದನ್ನು ತಿದ್ದಬಹುದು ಎಂಬ ನಂಬಿಕೆಯಿಂದ ಕಲಿಸುತ್ತಿದ್ದರು.

ಪರ್ವತಾರೋಹಿಗಳಿಗಾಗಿ ಅವರು ಕಂಬವಿಲ್ಲದ, ಹಗುರವಾದ ತುರ್ತು ಡೇರೆಯೊಂದನ್ನೂ ರೂಪಿಸಿದರು. ಬಿರುಗಾಳಿಯಲ್ಲಿ ಸಿಕ್ಕಿಕೊಂಡವರು ಅದನ್ನು ಮೈಮೇಲೆ ಎಳೆದುಕೊಂಡು ಒತ್ತಾಗಿ ಕುಳಿತು ರಾತ್ರಿ ಕಳೆಯಬಹುದು. ಜರ್ಮನ್ ಭಾಷಿಕ ಪರ್ವತಾರೋಹಿಗಳಲ್ಲಿ ಇಂತಹ ಚೀಲಕ್ಕೆ ಇಂದಿಗೂ ಝ್ಡಾರ್ಸ್ಕಿ ಅವರ ಹೆಸರೇ ಇದೆ.

ನಾರ್ವೆ ಪದ್ಧತಿಯೊಂದಿಗೆ ವಿವಾದ

ಆಗಿನ ಮಧ್ಯ ಯುರೋಪಿನ ಸ್ಕೀ ವಲಯದಲ್ಲಿ ನಾರ್ವೆಯ ಪದ್ಧತಿಗೆ ದೊಡ್ಡ ಗೌರವವಿತ್ತು. ಜರ್ಮನಿಯ ವಿಲ್ಹೆಲ್ಮ್ ಪೌಲ್ಕೆ ಮತ್ತು ಸಂಗಡಿಗರು ೧೮೯೭ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನೀಸ್ ಓಬರ್‌ಲ್ಯಾಂಡ್ ಪರ್ವತಗಳನ್ನು ನಾರ್ವೆಯ ಸ್ಕೀಗಳಿಂದಲೇ ದಾಟಿದ್ದರು. ಒಂದು ಕಾಲನ್ನು ಮುಂದಿಟ್ಟು, ಮಂಡಿ ಬಗ್ಗಿಸಿ ತಿರುಗುವ ಟೆಲಿಮಾರ್ಕ್ ತಿರುವು ಅವರಿಗೆ ಸೊಗಸಿನ ಮಾನದಂಡವಾಗಿತ್ತು. ಗಿಡ್ಡ ಹಲಗೆ, ಉಕ್ಕಿನ ಬಂಧಕ, ದಪ್ಪ ಕೋಲು ಇವೆಲ್ಲ ಅವರ ಕಣ್ಣಿಗೆ ಒರಟಾಗಿ ಕಂಡವು. ಝ್ಡಾರ್ಸ್ಕಿಯೂ ತಮ್ಮ ಮಾತಿನಲ್ಲಿ ಮೃದುವಾಗಿರಲಿಲ್ಲ. ಪತ್ರಿಕೆಗಳಲ್ಲಿ ಎರಡೂ ಕಡೆಯವರು ವರ್ಷಗಟ್ಟಲೆ ವಾದಿಸಿದರು.

ಈ ವಿವಾದವನ್ನು ನೆಲದ ಮೇಲೆಯೇ ಪರೀಕ್ಷಿಸುವ ಸಲುವಾಗಿ ೧೯೦೫ರಲ್ಲಿ ನಾರ್ವೆಯ ಇಂಜಿನಿಯರ್ ಹಸ್ಸಾ ಹೊರ್ನ್ ಆಸ್ಟ್ರಿಯಾಕ್ಕೆ ಬಂದರು. ಷ್ನೇಬರ್ಗ್ ಪರ್ವತದ ಬ್ರೈಟೆ ರೀಸ್ ಎಂಬ ಕಡಿದಾದ ಇಳಿಜಾರಿನಲ್ಲಿ ಇಬ್ಬರೂ ಇಳಿದರು. ಆಲ್ಪ್ಸ್‌ನಂತಹ ಕಡಿದಾದ ನೆಲಕ್ಕೆ ಲಿಲಿಯನ್‌ಫೆಲ್ಡ್ ಪದ್ಧತಿಯೇ ಹೆಚ್ಚು ಸೂಕ್ತವೆಂದು ಹೊರ್ನ್ ಒಪ್ಪಿಕೊಂಡರು.

ಅದೇ ವರ್ಷದ ಮಾರ್ಚ್ ೧೯ರಂದು ಲಿಲಿಯನ್‌ಫೆಲ್ಡ್ ಬಳಿಯ ಮುಕೆನ್‌ಕೋಗೆಲ್ ಬೆಟ್ಟದಲ್ಲಿ ಝ್ಡಾರ್ಸ್ಕಿ ಒಂದು ಸ್ಪರ್ಧೆಯನ್ನು ಏರ್ಪಡಿಸಿದರು. ಇಳಿಜಾರಿನಲ್ಲಿ ೮೫ ದ್ವಾರಗಳನ್ನು ನೆಟ್ಟು, ಸ್ಪರ್ಧಿಗಳು ಅವುಗಳ ಮೂಲಕವೇ ಹಾದುಹೋಗಬೇಕೆಂದು ವಿಧಿಸಲಾಯಿತು. ಒಬ್ಬ ಮಹಿಳೆಯೂ ಸೇರಿದಂತೆ ೨೪ ಮಂದಿ ಭಾಗವಹಿಸಿದರು. ಇದನ್ನು ಸ್ಲಾಲಮ್ ಸ್ಪರ್ಧೆಯ ಆದಿರೂಪವೆಂದು ಆಸ್ಟ್ರಿಯಾದಲ್ಲಿ ಗೌರವಿಸಲಾಗುತ್ತದೆ. ಆದರೆ ವೇಗವನ್ನೇ ಅಳತೆಗೋಲಾಗಿಸಿದ ಆಧುನಿಕ ಸ್ಲಾಲಮ್ ಸ್ಪರ್ಧೆಯು ೧೯೨೨ರಲ್ಲಿ ಸ್ವಿಟ್ಜರ್ಲೆಂಡಿನ ಮ್ಯೂರೆನ್‌ನಲ್ಲಿ ಆರ್ನಲ್ಡ್ ಲನ್ ಅವರಿಂದ ಆರಂಭವಾಯಿತು ಎಂಬ ಅಭಿಪ್ರಾಯವೂ ಪ್ರಬಲವಾಗಿದೆ.

ಬಿಲ್ಗೆರಿ ಮತ್ತು ಜೋಡಿ ಕೋಲುಗಳು

ಝ್ಡಾರ್ಸ್ಕಿ ಅವರಿಗೆ ಹೆಚ್ಚು ನೋವು ತಂದ ವಿರೋಧವು ನಾರ್ವೆಯಿಂದ ಬರಲಿಲ್ಲ, ಸ್ವದೇಶದಿಂದಲೇ ಬಂತು. ಆಸ್ಟ್ರಿಯಾದ ಸೈನ್ಯಾಧಿಕಾರಿ ಗಿಯೋರ್ಗ್ ಬಿಲ್ಗೆರಿ (೧೮೭೩–೧೯೩೪) ಪರ್ವತ ಪಡೆಗಳಿಗೆ ಸ್ಕೀ ಕಲಿಸುತ್ತಿದ್ದರು. ಹೊರೆ ಹೊತ್ತ ಸೈನಿಕನು ಇಳಿಯುವುದಕ್ಕಿಂತ ಹೆಚ್ಚಿನ ಹೊತ್ತು ಹತ್ತುತ್ತಾನೆ, ಸಮತಟ್ಟಾದ ಕಣಿವೆಗಳಲ್ಲಿ ನಡೆಯುತ್ತಾನೆ. ಅಲ್ಲಿ ಒಂದು ಕೋಲು ದೇಹವನ್ನು ಒಂದೇ ಕಡೆಗೆ ವಾಲಿಸುತ್ತದೆ. ಎರಡು ಕೋಲುಗಳಿದ್ದರೆ ಎರಡೂ ತೋಳುಗಳ ಬಲ ಸಿಗುತ್ತದೆ. ಇದನ್ನು ಕಂಡ ಬಿಲ್ಗೆರಿ, ಝ್ಡಾರ್ಸ್ಕಿ ಅವರ ತಿರುವನ್ನು ಉಳಿಸಿಕೊಂಡು ಅದಕ್ಕೆ ಜೋಡಿ ಕೋಲುಗಳನ್ನು ಸೇರಿಸಿದರು. ೧೯೧೦ರಲ್ಲಿ ಅವರು ಪ್ರಕಟಿಸಿದ ಕೈಪಿಡಿಯು ಈ ಮಿಶ್ರ ಪದ್ಧತಿಯನ್ನು ಜನಪ್ರಿಯಗೊಳಿಸಿತು. ಅದೇ ವರ್ಷ ಇಂಗ್ಲೆಂಡಿನ ವಿವಿಯನ್ ಕೋಲ್‌ಫೀಲ್ಡ್ ತಮ್ಮ ಪುಸ್ತಕದಲ್ಲಿ ಕೋಲಿನ ಮೇಲಿನ ಅವಲಂಬನೆಯನ್ನೇ ಖಂಡಿಸಿದರು.

ತಮ್ಮ ಪದ್ಧತಿಯನ್ನು ಎರವಲು ಪಡೆದು ಕೆಡಿಸಲಾಗಿದೆ ಎಂದು ಝ್ಡಾರ್ಸ್ಕಿ ಭಾವಿಸಿದರು. ಇಬ್ಬರ ನಡುವಿನ ಜಗಳವು ದ್ವಂದ್ವಯುದ್ಧದ ಸವಾಲಿನವರೆಗೂ ಹೋಯಿತು, ಯುದ್ಧ ನಡೆಯಲಿಲ್ಲ. ಕಾಲವು ಬಿಲ್ಗೆರಿಯ ಕಡೆಗಿತ್ತು. ಅರ್ಲ್‌ಬರ್ಗ್ ಪ್ರದೇಶದ ಹಾನ್ನೆಸ್ ಷ್ನೈಡರ್ ತಿರುವಿನ ತಂತ್ರವನ್ನು ಇನ್ನಷ್ಟು ವೇಗಕ್ಕೆ ಒಗ್ಗಿಸಿ, ಎರಡು ಗಿಡ್ಡ ಕೋಲುಗಳೊಂದಿಗೆ ಕಲಿಸಿದರು. ಮೊದಲ ಮಹಾಯುದ್ಧದ ಅನಂತರ ಆಲ್ಪ್ಸ್‌ನಲ್ಲಿ ಒಂಟಿ ಕೋಲು ಬಹುಮಟ್ಟಿಗೆ ಮರೆಯಾಯಿತು.

ಅದು ದೀರ್ಘಕಾಲ ನೆನಪಿನಲ್ಲಿ ಉಳಿದದ್ದು ಜಪಾನಿನಲ್ಲಿ. ಝ್ಡಾರ್ಸ್ಕಿ ಅವರ ಶಿಷ್ಯರಾಗಿದ್ದ ಸೈನ್ಯಾಧಿಕಾರಿ ಥಿಯೋಡೋರ್ ಫಾನ್ ಲೆರ್ಖ್ ೧೯೧೧ರ ಜನವರಿ ೧೨ರಂದು ಇಂದಿನ ಜೋಎತ್ಸು ನಗರಕ್ಕೆ ಸೇರಿದ ತಕಾದಾದಲ್ಲಿ ಜಪಾನಿ ಸೈನಿಕರಿಗೆ ಸ್ಕೀ ಪಾಠ ಆರಂಭಿಸಿದರು. ಅವರು ಕಲಿಸಿದ್ದು ಗುರುವಿನ ಒಂಟಿ ಕೋಲಿನ ಪದ್ಧತಿಯನ್ನೇ. ಆ ಊರಿನಲ್ಲಿ ಲೆರ್ಖ್ ಸ್ಮರಣೆಯ ಉತ್ಸವ ನಡೆಯುತ್ತದೆ. ಅಲ್ಲಿ ಹಳೆಯ ಉಡುಪು ತೊಟ್ಟು ಒಂದೇ ಕೋಲು ಹಿಡಿದು ಇಳಿಯುವ ಪ್ರದರ್ಶನವೂ ಇರುತ್ತದೆ.

ಹಿಮಕುಸಿತದ ಅಪಘಾತ

ಮೊದಲ ಮಹಾಯುದ್ಧದಲ್ಲಿ ಝ್ಡಾರ್ಸ್ಕಿ ಆಸ್ಟ್ರಿಯಾ-ಹಂಗೇರಿ ಸೈನ್ಯಕ್ಕೆ ಸ್ಕೀ ಮತ್ತು ಹಿಮಪ್ರದೇಶದ ತಜ್ಞರಾಗಿ ಸೇವೆ ಸಲ್ಲಿಸಿದರು. ೧೯೧೬ರ ಫೆಬ್ರವರಿ ೨೮ರಂದು, ತಮ್ಮ ಅರವತ್ತನೆಯ ಹುಟ್ಟುಹಬ್ಬ ಕಳೆದ ಮೂರು ದಿನಗಳಿಗೆ, ಇಟಲಿ ಗಡಿಯ ಪರ್ವತ ರಂಗದಲ್ಲಿ ಅವರು ಹಿಮಕುಸಿತಕ್ಕೆ ಸಿಕ್ಕಿದರು. ಹೊರತೆಗೆದಾಗ ಜೀವವಿತ್ತು, ಆದರೆ ದೇಹದಲ್ಲಿ ಸುಮಾರು ೮೦ ಕಡೆ ಮೂಳೆ ಮುರಿದಿತ್ತು ಅಥವಾ ಕೀಲು ತಪ್ಪಿತ್ತು.

ಚೇತರಿಕೆಗೆ ವರ್ಷಗಳು ಹಿಡಿದವು. ನೋವನ್ನು ತಡೆದು ನಡೆಯಲು ನೆರವಾಗುವ ಸಲಕರಣೆಗಳನ್ನು ಅವರು ತಾವೇ ವಿನ್ಯಾಸಗೊಳಿಸಿಕೊಂಡರು. ಬಂಧಕದ ಇನ್ನೂರು ಮಾದರಿಗಳನ್ನು ಪರೀಕ್ಷಿಸಿದ ಅದೇ ತಾಳ್ಮೆ ಇಲ್ಲಿ ಅವರ ಸ್ವಂತ ದೇಹದ ಮೇಲೆ ಪ್ರಯೋಗವಾಯಿತು. ಕಾಲಕ್ರಮದಲ್ಲಿ ಅವರು ಮತ್ತೆ ಸ್ಕೀ ಮೇಲೆ ನಿಂತರು. ಹಿಮದ ಅಡಿಯಲ್ಲಿ ಸಿಲುಕಿದ ಅನುಭವವನ್ನೂ, ಹಿಮಕುಸಿತಗಳ ಸ್ವರೂಪದ ಕುರಿತ ತಮ್ಮ ಅವಲೋಕನಗಳನ್ನೂ ಅವರು ೧೯೨೦ರ ದಶಕದ ಕೊನೆಯಲ್ಲಿ ಪುಸ್ತಕವಾಗಿ ಹೊರತಂದರು. ಹಿಮಕುಸಿತ ಶಾಸ್ತ್ರದ ಆರಂಭದ ಬರಹಗಳಲ್ಲಿ ಇದಕ್ಕೆ ಸ್ಥಾನವಿದೆ.

ಕೊನೆಯ ವರ್ಷಗಳು

೧೯೩೬ರಲ್ಲಿ ಜರ್ಮನಿಯ ಗಾರ್ಮಿಷ್-ಪಾರ್ಟೆನ್‌ಕಿರ್ಷೆನ್‌ನಲ್ಲಿ ನಡೆದ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಆಲ್ಪೈನ್ ಸ್ಕೀ ಸ್ಪರ್ಧೆಗಳು ಮೊದಲ ಬಾರಿಗೆ ಸೇರ್ಪಡೆಯಾದವು. ಆಗ ಝ್ಡಾರ್ಸ್ಕಿ ಅವರಿಗೆ ೭೯ ವರ್ಷ. ಅಲ್ಲಿನ ಸ್ಪರ್ಧಿಗಳೆಲ್ಲರೂ ಎರಡು ಕೋಲು ಹಿಡಿದೇ ಇಳಿದರು. ಆದರೆ ಅವರ ಬಿಗಿಯಾದ ಬಂಧಕ ಮತ್ತು ದ್ವಾರಗಳ ನಡುವಿನ ತಿರುವುಗಳ ಹಿಂದೆ ಹಾಬರ್ನ್‌ರೈತ್‌ನ ಪ್ರಯೋಗಗಳಿದ್ದವು. ಝ್ಡಾರ್ಸ್ಕಿ ೧೯೪೦ರ ಜೂನ್ ೨೦ರಂದು ಸಾಂಕ್ಟ್ ಪೋಲ್ಟನ್‌ನಲ್ಲಿ ನಿಧನರಾದರು. ಅವರ ಸಮಾಧಿ ಹಾಬರ್ನ್‌ರೈತ್‌ನಲ್ಲಿಯೇ ಇದೆ. ಲಿಲಿಯನ್‌ಫೆಲ್ಡ್‌ನಲ್ಲಿ ಅವರ ಹೆಸರಿನ ಸ್ಕೀ ವಸ್ತುಸಂಗ್ರಹಾಲಯವಿದೆ.

ಕೋಲಿನ ಆಯ್ಕೆ: ಅಂದು ಮತ್ತು ಇಂದು

ಒಂದೋ ಎರಡೋ ಎಂಬ ಪ್ರಶ್ನೆ ಇಂದು ಉಳಿದಿಲ್ಲ. ಆದರೆ ನೆಲಕ್ಕೂ ಉದ್ದೇಶಕ್ಕೂ ತಕ್ಕಂತೆ ಸಲಕರಣೆಯನ್ನು ಆರಿಸಬೇಕು ಎಂಬ ಝ್ಡಾರ್ಸ್ಕಿ ಅವರ ಮೂಲತತ್ತ್ವವು ಕೋಲು ಕೊಳ್ಳುವ ಪ್ರತಿಯೊಬ್ಬರಿಗೂ ಇನ್ನೂ ಅನ್ವಯಿಸುತ್ತದೆ.

ಉದ್ದ: ಇಳಿಜಾರಿನ ಸ್ಕೀಗೆ ಕೋಲನ್ನು ತಲೆಕೆಳಗಾಗಿ ನಿಲ್ಲಿಸಿ, ಬಿಲ್ಲೆಯ ಕೆಳಗೆ ಹಿಡಿಯಬೇಕು. ಆಗ ಮೊಣಕೈ ನೇರ ಕೋನದಲ್ಲಿ ಬಾಗಿದ್ದರೆ ಅಳತೆ ಸರಿ. ಇದು ಸಾಮಾನ್ಯವಾಗಿ ದೇಹದ ಎತ್ತರದ ೦.೭ ಭಾಗದಷ್ಟಾಗುತ್ತದೆ, ೧೬೫ ಸೆಂ.ಮೀ. ಎತ್ತರದವರಿಗೆ ಸುಮಾರು ೧೧೫ ಸೆಂ.ಮೀ. ಸಮತಟ್ಟಾದ ನೆಲದ ಕ್ರಾಸ್-ಕಂಟ್ರಿ ಸ್ಕೀಗೆ ತಳ್ಳುವ ಬಲ ಮುಖ್ಯವಾದ್ದರಿಂದ ಉದ್ದನೆಯ ಕೋಲು ಬೇಕು. ಅದರ ಶಾಸ್ತ್ರೀಯ ಶೈಲಿಯ ಅಧಿಕೃತ ಸ್ಪರ್ಧೆಗಳಲ್ಲಿ ಕೋಲು, ಪಾದರಕ್ಷೆ ಸಹಿತ ಎತ್ತರದ ಶೇ. ೮೩ನ್ನು ಮೀರುವಂತಿಲ್ಲ. ಸ್ಕೇಟಿಂಗ್ ಶೈಲಿಗೆ ಎತ್ತರದ ಸುಮಾರು ಶೇ. ೯೦ರಷ್ಟು ಉದ್ದ ರೂಢಿಯಲ್ಲಿದೆ.

ವಸ್ತು: ಮರದ ದಂಡದ ಅನಂತರ ಬಿದಿರು, ಬಳಿಕ ಉಕ್ಕು ಬಳಕೆಗೆ ಬಂದವು. ೧೯೫೦ರ ದಶಕದ ಕೊನೆಯಲ್ಲಿ ಅಮೆರಿಕದ ಎಡ್ ಸ್ಕಾಟ್ ತುದಿಯತ್ತ ಸಪೂರವಾಗುವ ಅಲ್ಯೂಮಿನಿಯಂ ಕೋಲನ್ನು ರೂಪಿಸಿದರು. ಅಲ್ಯೂಮಿನಿಯಂ ಅಗ್ಗ, ಪೆಟ್ಟು ಬಿದ್ದರೆ ಬಾಗುತ್ತದೆ, ಒಮ್ಮೆಲೇ ತುಂಡಾಗುವುದು ಕಡಿಮೆ. ಕಾರ್ಬನ್ ನಾರಿನ ಕೋಲು ಇನ್ನೂ ಹಗುರ, ಆದರೆ ದುಬಾರಿ. ಅಂಚಿನ ಗಾಯವಾದರೆ ಮುರಿಯಬಹುದು. ಹೊಸದಾಗಿ ಕಲಿಯುವವರಿಗೆ ಅಲ್ಯೂಮಿನಿಯಂ ಸಾಕಾಗುತ್ತದೆ.

ಬಿಲ್ಲೆ: ಬಾಸ್ಕೆಟ್ ಎಂದು ಕರೆಯಲಾಗುವ ಈ ಬಿಲ್ಲೆ ಕೋಲು ಹಿಮದಲ್ಲಿ ಹೂತುಹೋಗದಂತೆ ತಡೆಯುತ್ತದೆ. ಯಂತ್ರದಿಂದ ಹದಗೊಳಿಸಿದ ಗಟ್ಟಿ ಹಿಮಕ್ಕೆ ಚಿಕ್ಕದೂ, ಹೊಸದಾಗಿ ಬಿದ್ದ ಮೆತ್ತನೆಯ ಹಿಮಕ್ಕೆ ಅಗಲವಾದುದೂ ಬೇಕು.

ಕೈಪಟ್ಟಿ: ಕೋಲು ಕೈಜಾರದಂತೆ ಮಣಿಕಟ್ಟಿಗೆ ಹಾಕುವ ಪಟ್ಟಿಯನ್ನು ಹಿಮಕುಸಿತದ ಅಪಾಯವಿರುವಲ್ಲಿ ಕಳಚಿಡಬೇಕು. ಕುಸಿಯುವ ಹಿಮವು ಕೋಲನ್ನು ಎಳೆದಾಗ ಅದರೊಂದಿಗೆ ಕೈಯೂ ಎಳೆಯಲ್ಪಟ್ಟು, ಮುಖದ ಮುಂದೆ ಉಸಿರಾಟಕ್ಕೆ ಜಾಗ ಮಾಡಿಕೊಳ್ಳಲು ಆಗದೆ ಹೋಗುತ್ತದೆ.

ಭಾರತದಲ್ಲಿ ಗುಲ್‌ಮಾರ್ಗ್ ಮತ್ತು ಔಲಿ ಪ್ರಮುಖ ಸ್ಕೀ ತಾಣಗಳು. ಹಿಮ ಬೀಳದ ಕರ್ನಾಟಕದಿಂದಲೂ ಈ ಕ್ರೀಡೆಗೆ ಹೋದವರಿದ್ದಾರೆ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಕ್ರಾಸ್-ಕಂಟ್ರಿ ಸ್ಕೀಯಲ್ಲಿ ದೇಶವನ್ನು ಪ್ರತಿನಿಧಿಸಿದ್ದಾರೆ. ಕುದುರೆಮುಖ, ಕೊಡಚಾದ್ರಿಗಳಂತಹ ಬೆಟ್ಟಗಳಲ್ಲಿ ಚಾರಣಿಗರು ಬಳಸುವ ಊರುಗೋಲುಗಳೂ ಸ್ಕೀ ಕೋಲಿನ ಸಂತತಿಯವೇ. ಸಮತಟ್ಟಾದ ನೆಲದಲ್ಲಿ ಮೊನೆ ಊರಿದಾಗ ಮೊಣಕೈ ನೇರ ಕೋನದಲ್ಲಿರಬೇಕೆಂಬ ಅಳತೆ ಅವುಗಳಿಗೂ ಸಲ್ಲುತ್ತದೆ. ಏರುವಾಗ ತುಸು ಗಿಡ್ಡ, ಇಳಿಯುವಾಗ ತುಸು ಉದ್ದ ಮಾಡಿಕೊಳ್ಳುವುದು ವಾಡಿಕೆ.

ಮೌಲ್ಯಮಾಪನ

ಝ್ಡಾರ್ಸ್ಕಿ ಅವರ ಒಂಟಿ ಕೋಲು ಸೋತಿತು, ಅವರ ತಿರುವು ಗೆದ್ದಿತು ಎಂದು ಸ್ಕೀ ಇತಿಹಾಸವನ್ನು ಸಂಗ್ರಹಿಸಿ ಹೇಳಬಹುದು. ಒಂದು ದೇಶದ ನೆಲಕ್ಕೆ ಹುಟ್ಟಿದ ಸಾಧನವನ್ನು ಇನ್ನೊಂದು ನೆಲಕ್ಕೆ ತಂದಾಗ ಅದನ್ನು ಹಾಗೆಯೇ ಅನುಕರಿಸದೆ ಅಳೆದು, ಕತ್ತರಿಸಿ, ತಿದ್ದಬೇಕೆಂಬುದನ್ನು ಅವರು ತೋರಿಸಿಕೊಟ್ಟರು. ಬಿಲ್ಗೆರಿ ಎರಡನೆಯ ಕೋಲನ್ನು ಸೇರಿಸಿದಾಗ ಮಾಡಿದ್ದೂ ಅದನ್ನೇ. ಕಡಿದಾದ ಇಳಿಜಾರು ಪರಿಣತರಿಗೆ ಮಾತ್ರ ಎಂಬ ಭಯವನ್ನು ಹೋಗಲಾಡಿಸಿ, ಸಾಮಾನ್ಯ ಜನರನ್ನು ಸಾವಿರಾರು ಸಂಖ್ಯೆಯಲ್ಲಿ ಹಿಮದ ಮೇಲೆ ಸುರಕ್ಷಿತವಾಗಿ ನಿಲ್ಲಿಸಿದ್ದು ಅವರ ಬದುಕಿನ ದೊಡ್ಡ ಸಾಧನೆ.